ಉಪ್ಪು ಬಿಟ್ಟವಳು

ಅದು ಶುರುವಾದದ್ದು ಫೆಬ್ರವರಿಯಲ್ಲಿ, ಮಳೆ ಪೂರ್ತಿ ನಿಂತು ಗಾಳಿ ಒಣಗಿದ ಮೇಲೆ, ಒಂದು ಶುಕ್ರವಾರ ಮಧ್ಯಾಹ್ನ ಮೂರು ಗಂಟೆಗೆ. ಹೊತ್ತಿನ ಬಗ್ಗೆ ನನಗೆ ಅನುಮಾನವಿಲ್ಲ. ಇಗರ್ಜಿಯ ಗಂಟೆ ಆಗಷ್ಟೇ ಹೊಡೆದಿತ್ತು. ಅಪ್ಪ ಟೋಪಿ ತೆಗೆದು, ಮಸಿ ಕೈಯಲ್ಲೇ ಎದೆಗೆ ಶಿಲುಬೆ ಗುರುತು ಹಾಕಿಕೊಂಡು, ಮತ್ತೆ ಒಲೆಗೆ ಸೌದೆ ತಳ್ಳಲು ಬಗ್ಗಿದ್ದ. ನಾನು ಎದುರು ಬದಿಯಲ್ಲಿ ಕೂತು ತೆಂಗಿನ ಚಿಪ್ಪಿನಿಂದ ಮಡಕೆಗಳಿಗೆ ಉಪ್ಪುನೀರು ಹೊಯ್ಯುತ್ತಿದ್ದೆ. ಆಗ ನನಗೆ ಹದಿನಾಲ್ಕು.

ಬೊಹೋಲ್ ದ್ವೀಪದ ಕಡಲ ದಡದಲ್ಲಿ ನಮ್ಮ ಮನೆಯವರು ತಲೆಮಾರುಗಳಿಂದ ಉಪ್ಪು ಮಾಡಿದವರು. ತೆಂಗಿನ ಸಿಪ್ಪೆಯನ್ನು ತಿಂಗಳುಗಟ್ಟಲೆ ಕಡಲ ನೀರಲ್ಲಿ ನೆನೆಹಾಕಿ, ಒಣಗಿಸಿ, ಸುಟ್ಟು ಬೂದಿ ಮಾಡಿ, ಆ ಬೂದಿಯ ಮೇಲೆ ಮತ್ತೆ ಕಡಲ ನೀರು ಸುರಿದು ಸೋಸಬೇಕು. ಸೋಸಿದ್ದನ್ನು ಮಣ್ಣಿನ ಮಡಕೆಗಳಲ್ಲಿ ಇಡೀ ದಿನ ಕುದಿಸಬೇಕು, ಇಂಗಿದಷ್ಟೂ ಹೊಯ್ಯುತ್ತಲೇ ಇರಬೇಕು. ಕೊನೆಗೆ ಉಪ್ಪು ಮಡಕೆ ತುಂಬ ಕಲ್ಲಿನ ಹಾಗೆ ಗಟ್ಟಿಯಾದಾಗ ಮಡಕೆಯ ತಳ ತಾನಾಗಿ ಸಿಡಿದು ಬೀಳುತ್ತದೆ. ಒಡೆಯದ ಮಡಕೆ ಇಲ್ಲ. ಆ ಸದ್ದು ಬಂದರೆ ಉಪ್ಪು ಆಯಿತು ಅಂತ ಅರ್ಥ, ಅಷ್ಟೆ.

ಆ ದಿನ ಮೂರನೆಯ ಮಡಕೆ ಸಿಡಿಯಿತು. ಬಗ್ಗಿದ್ದ ಅಪ್ಪ ಹಾಗೇ ನಿಂತುಬಿಟ್ಟ.

"ಇಂದಾಯ್, ಕೇಳಿಸ್ತಾ ನಿಂಗೆ?" ಅಂದ. ಮನೆಯ ಹೆಣ್ಣುಮಗುವನ್ನು ನಮ್ಮಲ್ಲಿ ಕರೆಯುವುದೇ ಹಾಗೆ.

"ಹೂಂ, ಕೇಳಿಸ್ತು," ಅಂದೆ.

ನಾನು ಹೂಂ ಅಂದದ್ದು ಮಡಕೆಯ ಸದ್ದಿಗೆ. ಅಪ್ಪನಿಗೆ ಆ ಸದ್ದಿನೊಳಗೆ ಒಂದು ಮಾತು ಕೇಳಿಸಿತ್ತು. ಅವಳಲ್ಲ, ಅಂತ. ನಮ್ಮ ಮನೆಯ ಪೀಠದ ಮೇಲೆ ಕತ್ತಿ ಹಿಡಿದು ನಿಂತಿದ್ದ ಸಂತ ಮಿಖಾಯೇಲನೇ ಹೇಳಿದ ಅಂತ ಅವನು ನಂಬಿದ. ಅದು ನನಗೆ ಗೊತ್ತಾದದ್ದು ತಿಂಗಳಾದ ಮೇಲೆ. ಅಷ್ಟರಲ್ಲಿ ಅವನ ಮನಸ್ಸಿನಲ್ಲಿ ನಾನೂ ಒಬ್ಬ ಸಾಕ್ಷಿ ಆಗಿಹೋಗಿದ್ದೆ.

ಅಪ್ಪನ ಹೆಸರು ಕ್ರಿಸ್ಪುಲೊ. ಯಾರ ಮೇಲೂ ಕೈ ಎತ್ತಿದವನಲ್ಲ, ನಾಯಿಯನ್ನು ಕೂಡ ಬೈದು ಅಟ್ಟುತ್ತಿದ್ದನೇ ಹೊರತು ಕಲ್ಲು ಹೊಡೆದವನಲ್ಲ. ಅಮ್ಮ ಲಿಯೊನಿಲಾ ನನ್ನ ನಂತರ ಮೂರು ಬಸುರು ಕಳೆದುಕೊಂಡಿದ್ದಳು. ನಾಲ್ಕನೆಯದು ನಿಂತಾಗ ಅಪ್ಪ ಕಿಟಕಿಗಳಿಗೆಲ್ಲ ನಿಂಬೆ ಕೊಂಬೆ ಕಟ್ಟಿದ. ಕಂಬಗಳ ಮೇಲೆ ನಿಂತ ನಮ್ಮ ಮನೆಯ ಅಡಿಯಲ್ಲಿ, ಅಮ್ಮ ಮಲಗುವ ಜಾಗದ ಕೆಳಗೇ ಚಾಪೆ ಹಾಸಿಕೊಂಡು, ಮಚ್ಚು ಪಕ್ಕದಲ್ಲಿಟ್ಟು ಮಲಗತೊಡಗಿದ. ಉಪ್ಪಿಗೆ ಬಂದ ಹೆಂಗಸರು, "ಏನು ಕ್ರಿಸ್ಪುಲೊ, ಮೊಟ್ಟೆ ಮೇಲೆ ಕೂತ ಕೋಳಿ ಆಗಿದೀಯಲ್ಲ, ಕಾವೂ ನೀನೇ ಕೊಡ್ತಿದೀಯಾ?" ಅಂತ ನಗುತ್ತಿದ್ದರು. ಅವನೂ ನಗುತ್ತಿದ್ದ.

ಅವನ ಭಯ ಊರಿಗೆ ಹೊಸದಲ್ಲ. ಬಸುರಿಯ ಹೊಟ್ಟೆಯ ಕೂಸಿಗೆ ಬಾಯಿ ಹಾಕುವ ಆಸ್ವಾಂಗ್ ಅನ್ನುವ ಪಿಶಾಚಿಯ ಕತೆ ಕೇಳದೆ ಬೆಳೆದವರು ನಮ್ಮಲ್ಲಿ ಯಾರಿದ್ದಾರೆ. ಅದಕ್ಕೆ ಉಪ್ಪು ಆಗದು, ಉಪ್ಪು ಮುಟ್ಟದವರ ಮೇಲೆ ಒಂದು ಕಣ್ಣಿಡಿ ಅನ್ನುತ್ತಿದ್ದರು. ಅದು ಹೆಂಗಸನ್ನು ಎತ್ತಿಕೊಂಡು ಹೋದರೆ ಅವಳ ಜಾಗದಲ್ಲಿ ಒಂದು ಬಾಳೆದಿಂಡಿಗೆ ಅವಳದೇ ರೂಪ ಕೊಟ್ಟು ಮಲಗಿಸಿ ಹೋಗುತ್ತದಂತೆ. ಆ ದಿಂಡು ಮಾತಾಡುತ್ತದೆ, ನಗುತ್ತದೆ, ಗಂಡನ ಹೆಸರು ಹಿಡಿದು ಕರೆಯುತ್ತದೆ. ಕೆಲವು ದಿನಕ್ಕೆ ಬಾಡಿ ಸಾಯುತ್ತದೆ. ಮನೆಯವರು ಅತ್ತು ದಿಂಡನ್ನು ಹೂಳಿ ಬರುತ್ತಾರೆ.

ಈಗ ನನ್ನ ತಪ್ಪನ್ನು ಹೇಳಬೇಕು.

ಆ ಜನವರಿಯಲ್ಲೇ ಅಮ್ಮನ ಕಾಲು ಊದತೊಡಗಿತ್ತು. ಪೇಟೆಯಿಂದ ವಾರಕ್ಕೊಮ್ಮೆ ಬರುತ್ತಿದ್ದ ನರ್ಸಮ್ಮ ರೆಸ್ತಿತುತಾ ಕೈಗೆ ಪಟ್ಟಿ ಸುತ್ತಿ ರಕ್ತದ ಒತ್ತಡ ನೋಡಿ, ಮುಖ ಗಂಟಿಕ್ಕಿಕೊಂಡು, ಇವತ್ತಿನಿಂದಲೇ ಉಪ್ಪು ಬಿಡಬೇಕು, ಒಂದು ಹರಳೂ ಬೇಡ, ಇಲ್ಲದಿದ್ದರೆ ಕೂಸೂ ಉಳಿಯುವುದಿಲ್ಲ ನೀನೂ ಉಳಿಯುವುದಿಲ್ಲ ಅಂದಳು. ಹೋಗುವಾಗ ಬಾಗಿಲಲ್ಲಿ ನಿಂತು, "ನಿನ್ನ ಗಂಡ ಸಮುದ್ರ ಕಾಯಿಸಿ ಮಾರ್ತಾನೆ, ನೀನು ಆ ಸಮುದ್ರಾನ ಕಾಲಿಗೆ ಕಟ್ಕೊಂಡು ತಿರುಗ್ತೀಯ," ಅಂತ ತಮಾಷೆ ಮಾಡಿದಳು. ಅಮ್ಮ ನಕ್ಕಳು. ಅವಳು ಹೋದ ಮೇಲೆ ನನ್ನ ಕೈ ಹಿಡಿದು, ಅಪ್ಪನಿಗೆ ಇದನ್ನು ಹೇಳಕೂಡದು ಅಂತ ಆಣೆ ಹಾಕಿಸಿದಳು.

ಯಾಕೆ ಅಂದೆ.

"ಆ ಮೂರು ಕೂಸನ್ನೂ ತಾನು ಮಾಡಿದ ಉಪ್ಪೇ ತಿಂತು ಅಂದ್ಕೊಳ್ತಾನೆ ಕಣೆ. ಮತ್ತೆ ಒಲೆ ಹಚ್ಚೋಲ್ಲ ಅವನು."

ಅಷ್ಟೇ ಕಾರಣ. ಅವನ ಮನಸ್ಸು ನೋಯಬಾರದು ಅಂತ. ಅವತ್ತಿನಿಂದ ನಾನು ನುಗ್ಗೆಸೊಪ್ಪಿನ ಮೀನುಸಾರನ್ನು ಎರಡು ಪಾತ್ರೆಯಲ್ಲಿ ಮಾಡಿದೆ. ಸಣ್ಣ ಪಾತ್ರೆ ಅಮ್ಮನದು, ಸಪ್ಪೆ. ಉಪ್ಪು ಮಾಡುವವನ ಮನೆಯಲ್ಲಿ ಉಪ್ಪಿಲ್ಲದ ಸಾರು ಎರಡು ತಿಂಗಳು ಬೆಂದಿತು, ಅವನ ಕಣ್ಣು ತಪ್ಪಿಸಿ.

ತಪ್ಪಲಿಲ್ಲ. ಹೊಸ ಉಪ್ಪು ಬಂದಾಗ ಗಟ್ಟಿಯನ್ನು ಬಿಸಿ ಅನ್ನದ ಮೇಲೆ ತುರಿದು ಮೊದಲ ತುತ್ತು ಮನೆಯವರು ತಿನ್ನುವುದು ನಮ್ಮ ಪದ್ಧತಿ. ಅಪ್ಪ ಅಮ್ಮನ ತಟ್ಟೆಗೆ ತುರಿದ. ಅಮ್ಮ ಮೇಲಿನ ಅನ್ನವನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಕೆಳಗಿನದನ್ನು ತಿಂದಳು. ಅಪ್ಪ ಆ ಸರಿಸಿದ ಅನ್ನವನ್ನೇ ನೋಡಿದ. ಆ ಹೊತ್ತಿಗೆ ಈಸ್ಟರಿಗೆ ಮುಂಚಿನ ನಲವತ್ತು ದಿನದ ತಪಸ್ಸುಕಾಲ ಶುರುವಾಗಿತ್ತು. ಅವನು ದಿನಕ್ಕೊಂದೇ ಹೊತ್ತು ಬೇಯಿಸಿದ ಮರಗೆಣಸು, ಉಪ್ಪು, ನೀರು ಅಂತ ವ್ರತ ಹಿಡಿದಿದ್ದ. ಕಣ್ಣು ಒಳಗೆ ಹೋಗಿತ್ತು. ಒಲೆಯ ಮುಂದೆ ಕೂತವನು ಮಡಕೆಗಳ ಕಡೆ ಕಿವಿಯಿಟ್ಟು ಕೂತಿರುತ್ತಿದ್ದ.

ಮಾರ್ಚಿನಲ್ಲಿ ಒಂದು ಮಧ್ಯಾಹ್ನ ಅಮ್ಮ ನಿದ್ದೆ ಹೋಗಿದ್ದಳು. ಅಪ್ಪ ಬೆಕ್ಕಿನ ಹಾಗೆ ಬಂದು, ಅವಳ ಕಾಲ ಬುಡದಲ್ಲಿ ಕೂತು, ಹೆಬ್ಬೆರಳಿನಿಂದ ಪಾದವನ್ನು ಒತ್ತಿದ. ಬೆರಳು ತೆಗೆದ. ಗುಳಿ ಹಾಗೇ ನಿಂತಿತು. ನನ್ನ ಕಡೆ ನೋಡಿ ಬಾ ಅಂತ ಕಣ್ಣಲ್ಲೇ ಕರೆದು ಹಿತ್ತಲಿಗೆ ಕರೆದುಕೊಂಡು ಹೋದ. ಒಂದು ಬಾಳೆಯನ್ನು ಕಡಿದು, ಸಿಪ್ಪೆ ಬಿಚ್ಚಿ, ಬೆಳ್ಳಗಿನ ದಿಂಡನ್ನು ನನ್ನ ಮುಂದೆ ಇಟ್ಟು ಒತ್ತು ಅಂದ. ಒತ್ತಿದೆ. ಗುಳಿ ನಿಂತಿತು. ಅದರ ಮೇಲೆ ಒಂದು ಹಿಡಿ ಉಪ್ಪು ಸವರಿದ. ನಾವಿಬ್ಬರೂ ನೋಡುತ್ತ ಕೂತೆವು. ದಿಂಡು ನೀರು ಬಿಟ್ಟುಕೊಂಡು ಜೋತು ಬಿತ್ತು.

"ಅಮ್ಮನ್ನ ನಾನು ದೂರ್ತಿಲ್ಲ ಇಂದಾಯ್," ಅಂದ. "ಅವಳು ಪಾಪ ಎಲ್ಲೋ ಕೂತು ನಮ್ಮ ದಾರಿ ನೋಡ್ತಿದಾಳೆ. ಇದು ಅವಳಲ್ಲ. ಮಡಕೆ ಹೇಳಿದ್ದು ನೀನೂ ಕೇಳಿದ್ಯಲ್ಲ."

ಆಗ ನನಗೆ ಎಲ್ಲ ತಿಳಿಯಿತು. ಆಣೆ ಮುರಿದೆ. ನರ್ಸಮ್ಮ ಬಂದದ್ದು, ಉಪ್ಪು ಬಿಡು ಅಂದದ್ದು, ಎರಡು ಪಾತ್ರೆ, ಎಲ್ಲ ಹೇಳಿದೆ. ಅಪ್ಪ ಸಿಟ್ಟಾಗಲಿಲ್ಲ. ತಲೆ ಸವರಿದ.

"ಇದನ್ನ ಮುಚ್ಚಿಡು ಅಂತ ಯಾರು ಹೇಳಿದ್ದು ನಿಂಗೆ?"

"ಅಮ್ಮ."

"ಯಾವ ಅಮ್ಮ?"

ಉಪ್ಪು ಬಿಟ್ಟದ್ದು ಯಾವತ್ತಿನಿಂದ ಅಂತ ಕೇಳಿದ. ಜನವರಿಯಿಂದ ಅಂದೆ. ಅವನು ಬೆರಳು ಮಡಚಿ ಎಣಿಸಿ ನಿಟ್ಟುಸಿರುಬಿಟ್ಟ. ಅವನಿಗೆ ಬೇಕಾಗಿದ್ದದ್ದು ಅಮ್ಮನ ಜಾಗಕ್ಕೆ ದಿಂಡು ಬಂದ ಆ ದಿನವೊಂದೇ. ಅದನ್ನೂ ನಾನೇ ಕೊಟ್ಟೆ.

ಮನೆಯಲ್ಲಿ ಇದ್ದ ಇನ್ನೊಬ್ಬಳು ಅಪ್ಪನ ಅಕ್ಕ, ಮಾಕ್ಸಿಮಾ ಅತ್ತೆ. ಅಜ್ಜಿ ಬೇಗ ಸತ್ತಳು. ಅಪ್ಪನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು ಇವಳೇ, ಅದಕ್ಕೋಸ್ಕರ ಮದುವೆಯನ್ನೂ ಬಿಟ್ಟವಳು. ಅವಳ ಹತ್ತಿರ ಓಡಿದೆ. ಅವಳು ಎಲ್ಲ ಕೇಳಿ, ಗದ್ದಲ ಮಾಡಬೇಡ ಅಂದಳು. ಊರ ಹಿರಿಯನಿಗೆ ಹೇಳಿದರೆ ನಾಳೆಯೇ ಹಗ್ಗ ತಂದು ಕಟ್ಟಿ ದೋಣಿಗೆ ಹಾಕಿ ಸೆಬೂವಿನ ಹುಚ್ಚಾಸ್ಪತ್ರೆಗೆ ಒಯ್ಯುತ್ತಾರೆ, ಹೋದವರು ಯಾರು ಬಂದಿದ್ದಾರೆ ಹೇಳು ಅಂದಳು. ಉಪವಾಸಕ್ಕೆ ತಲೆ ಕಾದಿದೆ, ಈಸ್ಟರಿಗೆ ಒಂದು ಹೊಟ್ಟೆ ಹಂದಿಮಾಂಸ ತಿಂದರೆ ಸರಿಹೋಗುತ್ತಾನೆ ಅಂದಳು. "ನೀನು ಯಾರ ಉಪ್ಪು ತಿಂದು ಬೆಳೆದದ್ದು, ಅದನ್ನ ನೆನಪಿಟ್ಕೋ," ಅಂದಳು. ಸಂಜೆ ಮಚ್ಚನ್ನು ಅಕ್ಕಿಯ ಡಬ್ಬದೊಳಗೆ ಮುಚ್ಚಿಟ್ಟದ್ದೂ ಅವಳೇ. ಅವಳಿಗೂ ಭಯವಿತ್ತು.

ಅಮ್ಮನಿಗೂ ಹೇಳಿದೆ. ಮಾವನ ಮನೆಗೆ ಹೋಗಿ ಕೂಸು ಹುಟ್ಟುವವರೆಗೆ ಇರು ಅಂದೆ. ಹೋದರೆ ದಿಂಡು ಓಡಿಹೋಯಿತು ಅನ್ನುತ್ತಾನೆ, ಹುಡುಕಿಕೊಂಡು ಬರುತ್ತಾನೆ, ಅಲ್ಲಿ ಅಣ್ಣ ಅವನನ್ನು ಕಡಿದು ಹಾಕುತ್ತಾನೆ ಅಂದಳು. ಆಮೇಲೆ ಅವಳಿಗೆ ತೋಚಿದ್ದನ್ನು ಅವಳು ಮಾಡಿದಳು. ಅಂದು ಊಟಕ್ಕೆ ಕೂತಾಗ ಉಪ್ಪಿನ ಗಟ್ಟಿಯನ್ನು ಕೈಯಾರೆ ಎಳೆದುಕೊಂಡು, ಅಪ್ಪನ ಕಣ್ಣಿಗೆ ಕಾಣುವ ಹಾಗೆ ಅನ್ನದ ಮೇಲೆ ಬೆಳ್ಳಗೆ ತುರಿದುಕೊಂಡು ತಿಂದಳು. ಮೂರು ದಿನ ಹಾಗೆ ತಿಂದಳು. ನಾಲ್ಕನೆಯ ದಿನ ಮುಖ ಊದಿ ಕಣ್ಣು ಸಣ್ಣಗಾದವು. ತಲೆ ಸಿಡಿಯುತ್ತಿದೆ, ಕಣ್ಣ ಮುಂದೆ ಕಿಡಿ ಹಾರುತ್ತಿವೆ ಅಂತ ಗೋಡೆ ಹಿಡಿದು ನಡೆದಳು.

ಅಪ್ಪ ನನ್ನ ಕಿವಿಯಲ್ಲಿ, "ನೋಡಿದ್ಯಾ, ನೀರು ಬಿಡ್ತಾ ಇದೆ," ಅಂದ.

ತಿನ್ನದಿದ್ದರೂ ಅದೇ, ತಿಂದರೂ ಅದೇ. ಅವಳಿಗೆ ಇನ್ನಾವ ದಾರಿ ಉಳಿಯಿತು.

ಈಸ್ಟರಿಗೆ ಮುಂಚಿನ ಪವಿತ್ರ ವಾರದ ಮಂಗಳವಾರ ಅಪ್ಪ ನನ್ನನ್ನು ಅಮ್ಮನ ಕಣ್ಣು ನೋಡಿ ಬಾ ಅಂತ ಕಳಿಸಿದ. ಮನುಷ್ಯರ ಕಣ್ಣಲ್ಲಿ ನಮ್ಮ ಬಿಂಬ ನೆಟ್ಟಗೆ ನಿಲ್ಲುತ್ತದೆ, ಮನುಷ್ಯರಲ್ಲದವರ ಕಣ್ಣಲ್ಲಿ ತಲೆಕೆಳಗಾಗುತ್ತದೆ ಅಂತ ನಂಬಿಕೆ. ಅಮ್ಮ ಚಾಪೆಯ ಮೇಲೆ ಒರಗಿದ್ದಳು. ನಾನು ಮುಖದ ಹತ್ತಿರ ಮುಖ ಒಯ್ದೆ. ಯಾಕೆ ಬಂದೆ ಅಂತ ಅವಳಿಗೆ ಗೊತ್ತಾಯಿತು. ಬೇಡ ಅನ್ನಲಿಲ್ಲ. ಊದಿದ ರೆಪ್ಪೆಯನ್ನು ತಾನೇ ಬೆರಳಿಂದ ಎತ್ತಿ ಹಿಡಿದು, "ನೋಡ್ಕೊ ಮಗಳೇ," ಅಂದಳು. ಒಳಗೆ ನೀರು ತುಂಬಿತ್ತು. ನನ್ನ ಬಿಂಬ ಅಲ್ಲಾಡುತ್ತಿತ್ತು. ನೆಟ್ಟಗಿತ್ತೋ ತಲೆಕೆಳಗಿತ್ತೋ, ದೇವರಾಣೆಗೂ ನನಗೆ ಹೇಳಲಾಗಲಿಲ್ಲ. ಇಷ್ಟು ವರ್ಷವಾದ ಮೇಲೂ ಆ ಒಂದು ಗಳಿಗೆಯನ್ನು ಕ್ಷಮಿಸಿಕೊಳ್ಳಲಾರೆ. ಒಂದು ಗಳಿಗೆ ನಾನೂ ಅನುಮಾನಪಟ್ಟೆ. ಹೊರಗೆ ಬಂದು ಅಪ್ಪನ ಹತ್ತಿರ, ಸರಿಯಾಗಿ ಕಾಣಲಿಲ್ಲ ಅಂದೆ. ಅವನು ತಲೆಯಾಡಿಸಿದ. ಕಾಣದಿರುವುದೂ ಅವನಿಗೆ ಒಂದು ಉತ್ತರವೇ ಆಗಿತ್ತು.

ಗುರುವಾರ ಅವನು ಏನು ಮಾಡಬೇಕೆಂದಿದ್ದಾನೆ ಅನ್ನುವುದನ್ನು ನನಗೆ ಹೇಳಿದ. ಶುಭ ಶುಕ್ರವಾರ ಮೂರು ಗಂಟೆಗೆ ಶಿಲುಬೆಯ ಮೇಲೆ ದೇವರು ಸಾಯುತ್ತಾನೆ, ಭಾನುವಾರ ಬೆಳಗಾಗುವವರೆಗೆ ಏಳುವುದಿಲ್ಲ. ಆ ಹೊತ್ತಿನಲ್ಲಿ ಕೆಟ್ಟದ್ದಕ್ಕೆ ಬಲ ಹೆಚ್ಚು, ಗಾಯವಾದರೆ ಮಾಯುವುದಿಲ್ಲ ಅಂತ ನಮ್ಮಲ್ಲಿ ಮಕ್ಕಳನ್ನು ಮರ ಹತ್ತಲೂ ಬಿಡುವುದಿಲ್ಲ. ಅಪ್ಪ ಅದನ್ನೇ ಹಿಡಿದುಕೊಂಡಿದ್ದ. ದೇವರು ನೋಡದ ಹೊತ್ತಿನಲ್ಲಿ ಮಾಡಿದ್ದಕ್ಕೆ ಪಾಪವಿಲ್ಲ, ಮಿಖಾಯೇಲ ಹೇಳಿದ್ದಾನೆ ಅಂದ. ಬೂದಿ ಸೋಸುವ ಮರದ ತೊಟ್ಟಿಯ ತುಂಬ ಕಡು ಉಪ್ಪುನೀರು ತುಂಬಿಸಿಟ್ಟಿದ್ದ. ದಿಂಡನ್ನು ಅದರಲ್ಲಿ ಮುಳುಗಿಸಿದರೆ ಕರಗಿ ಹೋಗುತ್ತದೆ, ಆ ಕ್ಷಣವೇ ಲಿಯೊನಿಲಾ ಎಲ್ಲಿದ್ದರೂ ಎದ್ದು ಮನೆಯ ಕಡೆ ನಡೆಯುತ್ತಾಳೆ. ತೊಟ್ಟಿಯ ಪಕ್ಕ ಅವಳು ಬಂದರೆ ಕೂರಲಿ ಅಂತ ಹೊಸ ಚಾಪೆಯನ್ನೂ ಹಾಸಿದ್ದ.

"ಅದು ನಿನ್ನ ನಂಬತ್ತೆ. ನೀನು ಕೈ ಹಿಡ್ಕೊಂಡ್ರೆ ಸಾಕು," ಅಂದ.

ಶುಕ್ರವಾರ ಊರೇ ಮೆರವಣಿಗೆಗೆ ಪೇಟೆಗೆ ನಡೆಯಿತು. ಪವಿತ್ರ ವಾರ ಅಂತ ಆ ವಾರ ಊರಿಗೆ ಬಾರದಿದ್ದ ನರ್ಸಮ್ಮನೂ ಅಲ್ಲೇ. ಮನೆಗಳಲ್ಲಿ ಉಳಿದವರು ನಡೆಯಲಾರದ ಮುದುಕರು. ಅತ್ತೆ ಪೀಠದ ಮುಂದೆ ಮಂಡಿಯೂರಿ ಜಪಮಾಲೆ ಹಿಡಿದು ಕೂತಿದ್ದಳು. ಅತ್ತೆ ಬಾ, ನಾವಿಬ್ಬರೂ ಸೇರಿ ಅವನನ್ನು ಹಿಡಿಯೋಣ ಅಂದೆ. ಅವಳು ತಿರುಗಲಿಲ್ಲ. ಅವಳ ತುಟಿ ಮಾತ್ರ ವೇಗವಾಗಿ ಆಡತೊಡಗಿತು. ಒಳಗೆ ಅಮ್ಮ ಕಣ್ಣು ಕಾಣುತ್ತಿಲ್ಲ, ಯಾರಿದೀರಿ, ನೀರು ಕೊಡಿ ಅನ್ನುತ್ತಿದ್ದಳು. ನೀರು ಕೊಟ್ಟೆ. ಹೊರಗೆ ಅಪ್ಪ ಅಂಗಿ ಕಳಚಿ, ತೊಳೆದ ಕಾಲಲ್ಲಿ, ಪೂಜೆಗೆ ಹೊರಟವನ ಹಾಗೆ ಉಪ್ಪಿನ ಗುಡಿಸಲ ಬಾಗಿಲಲ್ಲಿ ನಿಂತಿದ್ದ. ಹೊತ್ತು ಎರಡೂವರೆ ದಾಟಿತ್ತು.

ಅವನನ್ನು ಹಿಡಿದು ನಿಲ್ಲಿಸುವ ಶಕ್ತಿ ನನಗಿರಲಿಲ್ಲ. ನಿಜ ಹೇಳಿ ನೋಡಿದ್ದಾಗಿತ್ತು. ಇನ್ನು ಅವನು ನಂಬುವುದನ್ನೇ ಹೇಳಬೇಕಿತ್ತು. ನಾನು ಹತ್ತಿರ ಹೋಗಿ ಅವನ ಕೈ ಹಿಡಿದೆ.

"ಅಪ್ಪ, ಬುಧವಾರ ಮಡಕೆ ಒಡೆದಾಗ ನಂಗೂ ಹೇಳ್ತು."

ಅವನು ನನ್ನ ಕಡೆ ತಿರುಗಿದ.

"ಅಮ್ಮ ಸಿಕಿಹೋರಿನಲ್ಲಿದಾಳೆ. ಕಡಲ ಹತ್ರ ಒಂದು ಮರದ ಕೆಳಗೆ ಕೂತಿದಾಳೆ. ಅವಳನ್ನ ಕರ್ಕೊಂಡು ಬರೋಕೆ ಮುಂಚೆ ಇದನ್ನ ಕರಗಿಸಿದ್ರೆ ಅವಳಿಗೆ ದಾರಿ ಮುಚ್ಚಿಹೋಗತ್ತೆ. ಆಮೇಲೆ ಅವಳು ಬರೋಲ್ಲ."

ಸಿಕಿಹೋರ್ ನಮ್ಮ ದಡಕ್ಕೆ ನಿಚ್ಚಳ ದಿನಗಳಲ್ಲಿ ಕಾಣುವ ದ್ವೀಪ. ಮಂತ್ರ, ಮದ್ದು ಬಲ್ಲವರ ಊರು ಅಂತ ಹೆಸರು. ಅದು ನನ್ನ ಬಾಯಿಗೆ ಯಾಕೆ ಬಂತೋ. ದೂರವಿತ್ತು, ಅದಕ್ಕೇ ಇರಬೇಕು.

"ಅವಳ ಮುಖ ನೋಡಿದ್ಯಾ ನೀನು?" ಅಪ್ಪ ಕೇಳಿದ.

"ನೋಡ್ದೆ. ಕಾಲು ಊದಿರಲಿಲ್ಲ. ನಿನ್ನೇ ಕೇಳ್ತಿದ್ಲು."

ಅಪ್ಪ ನೆಲಕ್ಕೆ ಕೂತು ಅತ್ತ. ಅವನು ಅತ್ತದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಮೂರು ಕೂಸುಗಳನ್ನು ಹೂತಾಗಲೂ ಅವನು ಬೆನ್ನು ತಿರುಗಿಸಿ ನಿಂತಿದ್ದವನು. ಆಮೇಲೆ ಎದ್ದು ಅವಸರ ಮಾಡಿದ. ಕುಡಿಯುವ ನೀರಿನ ಬುರುಡೆ, ಬೇಯಿಸಿದ ಬಾಳೆಕಾಯಿ, ಅಮ್ಮನ ಒಂದು ಒಗೆದ ಲಂಗ, ಒಂದು ಇಡೀ ಉಪ್ಪಿನ ಗಟ್ಟಿ. "ಇಷ್ಟು ದಿನ ಅವಳಿಗೆ ಅಲ್ಲಿ ಉಪ್ಪು ಯಾರು ಕೊಟ್ಟಿರ್ತಾರೆ," ಅಂದ. ಎಲ್ಲವನ್ನೂ ನಾನೇ ದೋಣಿಗೆ ಎತ್ತಿಕೊಟ್ಟೆ. ಶುಭ ಶುಕ್ರವಾರ ಯಾರೂ ಕಡಲಿಗೆ ಇಳಿಯುವುದಿಲ್ಲ. ಅವನು ಇಳಿದ. ನಾನು ಬರುವವರೆಗೆ ಅದನ್ನು ಕಾಯಿ, ಮುಟ್ಟಬೇಡ, ಮಾತಾಡಿಸಬೇಡ ಅಂತ ನನಗೆ ಹೇಳಿ ಹಾಯಿ ಎತ್ತಿದ. ಪೂರ್ವದ ಗಾಳಿ ಚೆನ್ನಾಗಿತ್ತು. ಅವನು ದೂರದಲ್ಲಿ ಸಣ್ಣಗಾಗುವವರೆಗೂ ನಾನು ನಿಲ್ಲಲಿಲ್ಲ, ಪೇಟೆಯ ಕಡೆ ಓಡಿದೆ.

ಮೆರವಣಿಗೆಯ ನಡುವೆ ನುಗ್ಗಿ ನರ್ಸಮ್ಮನ ತೋಳು ಹಿಡಿದೆ. ಕೊಬ್ಬರಿ ಸಾಗಿಸುವ ಒಂದು ಲಾರಿ ಸಿಕ್ಕಿತು. ಮನೆಗೆ ಬರುವಷ್ಟರಲ್ಲಿ ಅಮ್ಮನಿಗೆ ಸೆಳವು ಶುರುವಾಗಿ, ಅವಳು ನಾಲಿಗೆ ಕಚ್ಚಿಕೊಂಡಿದ್ದಳು. ಅತ್ತೆ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಹಲ್ಲಿನ ನಡುವೆ ತನ್ನ ಬೆರಳನ್ನೇ ಕೊಟ್ಟು ಕೂತಿದ್ದಳು. ಬೆರಳಿನಿಂದ ರಕ್ತ ಸುರಿಯುತ್ತಿತ್ತು. ಶನಿವಾರ ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ದು ಕೂಸನ್ನು ತೆಗೆದರು. ಹೆಣ್ಣು, ಒಂದು ಅಂಗೈಯಷ್ಟು. ಇಬ್ಬರೂ ಉಳಿದರು. ಹದಿನೈದು ದಿನಕ್ಕೆ ಅಮ್ಮನ ಊತ ಇಳಿದು ಮೊದಲಿನ ಮುಖ ಬಂತು.

ಅಪ್ಪ ಬರಲಿಲ್ಲ.

ಮೇ ತಿಂಗಳಲ್ಲಿ ಮೀನಿನವರು ಸುದ್ದಿ ತಂದರು. ಸಿಕಿಹೋರಿನ ದಡದ ಊರುಗಳಲ್ಲಿ ಒಬ್ಬ ಮನುಷ್ಯ ಮನೆಮನೆಯ ಮೆಟ್ಟಿಲ ಬುಡದಲ್ಲಿ ನಿಂತು, ಟೋಪಿ ತೆಗೆದು, ಲಿಯೊನಿಲಾ ಇಲ್ಲಿಗೆ ಬಂದಿದ್ದಳಾ ಅಂತ ಮರ್ಯಾದೆಯಿಂದ ಕೇಳುತ್ತಾನಂತೆ. ಅಲ್ಲಿನವರು ಒಳ್ಳೆಯ ಜನ, ಊಟ ಹಾಕುತ್ತಾರಂತೆ. ಅತ್ತೆ ಮರುದಿನವೇ ಹೋದಳು. ಹತ್ತು ದಿನ ಬಿಟ್ಟು ಒಬ್ಬಳೇ ಬಂದಳು.

ನಾವು ಮೂವರೂ ಅಡುಗೆ ಮನೆಯಲ್ಲಿದ್ದೆವು. ಅಮ್ಮ ಕೂಸಿಗೆ ಹಾಲು ಕೊಡುತ್ತಿದ್ದಳು. ಅತ್ತೆ ಚೀಲವನ್ನೂ ಇಳಿಸದೆ ನಿಂತೇ ಹೇಳಿದಳು. ಅವನು ಬಡಕಲಾಗಿದ್ದಾನೆ, ಕಾಲಿನಲ್ಲಿ ಹುಣ್ಣಾಗಿದೆ, ಒಂದು ಮರ ಬಿಟ್ಟು ಇನ್ನೊಂದು ಮರದ ಕೆಳಗೆ ಹುಡುಕುತ್ತಾನೆ. ಹೆಂಡತಿ ಮನೆಯಲ್ಲಿದ್ದಾಳೆ, ಮಗು ಹುಟ್ಟಿದೆ ಅಂದರೆ ನಗುತ್ತಾನೆ.

"ನನ್ನ ಮಾತು ನಂಬೋಲ್ಲ ಅವನು," ಅಂದಳು ನನ್ನನ್ನು ನೋಡಿ. "ನಿನ್ನ ಮಾತು ನಂಬ್ತಾನೆ. ನಾನು ಹೇಳಿದ್ದು ಸುಳ್ಳು ಅಪ್ಪ ಅಂತ ನೀನು ಬಂದು ಒಂದು ಮಾತು ಹೇಳು. ಸಾಕು. ಬಂದುಬಿಡ್ತಾನೆ. ಈಗ ಅವಳ ಕಾಲು ಸರಿಹೋಗಿದೆಯಲ್ಲ, ಕಣ್ಣಾರೆ ನೋಡ್ತಾನೆ."

ಅಮ್ಮ ಚಾಚಿದ್ದ ಕಾಲುಗಳನ್ನು ಲಂಗದೊಳಗೆ ಎಳೆದುಕೊಂಡಳು.

ಅದನ್ನು ನಾನು ನೋಡಿದೆ. ಅತ್ತೆಯೂ ನೋಡಿದಳು.

"ಬಂದವನು ಮೊದಲು ಆ ಕಾಲನ್ನೇ ಒತ್ತಿ ನೋಡ್ತಾನೆ ಅತ್ತೆ," ಅಂದೆ. "ಒತ್ತಿ ಏನಂತಾನೋ ನಿಂಗೂ ಗೊತ್ತಿಲ್ಲ, ನಂಗೂ ಗೊತ್ತಿಲ್ಲ. ಅಮ್ಮ ಅಲ್ಲೇ ಇದಾಳೆ, ಬಿಡದೆ ಹುಡುಕು ಅಂತ ಇಂದಾಯ್ ಹೇಳಿದ್ಲು ಅಂತ ಹೇಳು."

ಹೊಡೆಯುತ್ತಾಳೆ ಅಂದುಕೊಂಡೆ. ಹೊಡೆಯಲಿಲ್ಲ. ಚೀಲ ಇಳಿಸಿ ಕೂತು, ಕಾಫಿ ಕೇಳಿ ಕುಡಿದು, ಅವನು ಒಬ್ಬನೇ ಇರಬಾರದು ಅಂದಳು. ಮುಂದಿನ ದಿನಗಳಲ್ಲಿ ಅವನ ಅಂಗಿಗಳನ್ನು ಒಗೆದು ಮಡಚಿದಳು, ಹುಣ್ಣಿಗೆ ಎಣ್ಣೆ ಕಾಸಿದಳು, ಒಂದು ಅನ್ನದ ಪಾತ್ರೆ, ಎರಡು ತಟ್ಟೆ ಕಟ್ಟಿಕೊಂಡಳು. ಅಮ್ಮ ಅವಳ ಕೈಗೆ ಹಣೆ ಒತ್ತಿ ಆಶೀರ್ವಾದ ತೆಗೆದುಕೊಂಡಳು. ಅತ್ತೆ ಕೂಸನ್ನು ಒಮ್ಮೆ ಎತ್ತಿ ಮೂಸಿ ವಾಪಸು ಕೊಟ್ಟಳು. ನನ್ನ ಹತ್ತಿರ ಮಾತಾಡಲಿಲ್ಲ.

ಮಾಕ್ಸಿಮಾ ಅತ್ತೆ ಹೊರಟದ್ದು ಜೂನ್ ತಿಂಗಳ ಎರಡನೆಯ ಸೋಮವಾರ, ಸಿಕಿಹೋರಿಗೆ ಹೋಗುವ ಬೆಳಗಿನ ದೋಣಿಗೆ.